ನಮ್ಮ ಹೆಸರಿನಲ್ಲಿರುವ ಊರು ವಿಳಾಸ ಅಲ್ಲ ಸ್ವಾಮಿ

ಜನನ ನೋಂದಣಿ, ಶಾಲಾ ದಾಖಲಾತಿ, ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಹೀಗೆ ನಮ್ಮ ಹೆಸರು ಬರೆಸಿಕೊಳ್ಳುವ ಎಲ್ಲ ಅರ್ಜಿ ನಮೂನೆಗಳನ್ನು ತಯಾರಿಸುವ ಅಧಿಕಾರಿಗಳಿಗೆ,

ನಮಸ್ಕಾರ.

ಬೈಯುವುದಕ್ಕೆ ಬರೆಯುತ್ತಿಲ್ಲ. ಒಂದು ಖಾನೆಯ ವಿಷಯ ಮಾತಾಡಬೇಕಿತ್ತು, ಅಷ್ಟೆ. ನಿಮ್ಮ ಎಷ್ಟೋ ಅರ್ಜಿಗಳಲ್ಲಿ ‘ಸರ್‌ನೇಮ್’ ಅಂತಲೋ ‘ಲಾಸ್ಟ್ ನೇಮ್’ ಅಂತಲೋ ಒಂದು ಖಾನೆ ಇರುತ್ತಲ್ಲ, ಪಕ್ಕದಲ್ಲಿ ಕೆಂಪು ನಕ್ಷತ್ರ ಹಾಕಿ ತುಂಬಲೇಬೇಕು ಅಂತ ಹೆದರಿಸಿರುತ್ತೀರಲ್ಲ, ಅದು. ಕನ್ನಡದಲ್ಲಿ ಅದನ್ನೇ ಒಂದು ಕಡೆ ಉಪನಾಮ ಅಂತ, ಇನ್ನೊಂದು ಕಡೆ ಕುಲನಾಮ ಅಂತ, ಮತ್ತೊಂದು ಕಡೆ ಮನೆತನದ ಹೆಸರು ಅಂತ ಬರೆಯುತ್ತೀರಿ. ನಮ್ಮಲ್ಲಿ ಎಷ್ಟೋ ಜನರಿಗೆ ಅಲ್ಲಿ ಬರೆಯಲು ಇರುವುದು ಕುಲವೂ ಅಲ್ಲ, ಮನೆತನವೂ ಅಲ್ಲ. ಒಂದು ಊರು.

ನಾನು ಕೇಳುವುದು ಇಷ್ಟೇ. ಆ ಊರನ್ನು ಹೆಸರಿನ ಭಾಗ ಅಂತ ಒಪ್ಪಿಕೊಳ್ಳಿ. ಅದು ಮುಂದೆ ಬರಲಿ, ಹಿಂದೆ ಬರಲಿ, ಒಂದೇ ಅಕ್ಷರವಾಗಿ ಬರಲಿ, ಹೆಸರು ಯಾರದೋ ಅವರು ಹೇಳಿದ ಹಾಗೆ ಬರೆದುಕೊಳ್ಳಿ. ಕಂಪ್ಯೂಟರ್ ಮುಂದೆ ಕೂತವರು ಊಹೆ ಮಾಡಿ ಹೆಸರನ್ನು ತುಂಡು ಮಾಡಿ ಖಾನೆಗಳಿಗೆ ಹಂಚುವುದು ಬೇಡ.

ನನ್ನ ತವರು ಧಾರವಾಡದ ಕಡೆ. ಮದುವೆಯಾಗಿ ಬಂದಿದ್ದು ಹಾಸನದ ಕಡೆಯವರ ಮನೆಗೆ. ಹಾಗಾಗಿ ಹೆಸರಿನಲ್ಲಿ ಊರು ಇಟ್ಟುಕೊಳ್ಳುವ ಎರಡೂ ಪದ್ಧತಿ ನನ್ನ ಮನೆಯೊಳಗೇ ಇವೆ, ಎರಡರ ಪಾಡೂ ಗೊತ್ತು.

ಮೊದಲು ನಮ್ಮ ಕಡೆಯದು ಹೇಳುತ್ತೇನೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಇಲ್ಲದ ಮನುಷ್ಯ ಸಿಗುವುದು ಕಷ್ಟ. ಪಾಟೀಲ, ದೇಸಾಯಿ, ಕುಲಕರ್ಣಿ ಇವು ಹುದ್ದೆಯಿಂದ ಬಂದವು. ಬಡಿಗೇರ, ಕಂಬಾರ, ಪತ್ತಾರ, ಹೂಗಾರ ಕಸುಬಿನಿಂದ ಬಂದವು. ಮೆಣಸಿನಕಾಯಿ, ಉಳ್ಳಾಗಡ್ಡಿ, ಹುಣಸಿಮರದ ಇವೆಲ್ಲ ಎಲ್ಲಿಂದ ಬಂದವು ಅಂತ ಕೇಳಿದರೆ ಒಂದೊಂದು ಮನೆಯವರು ಒಂದೊಂದು ಕಥೆ ಹೇಳುತ್ತಾರೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಉಳಿದವು ಊರುಗಳು. ಹುಬ್ಬಳ್ಳಿ, ಗದಗ, ಮುಧೋಳ, ಸವದತ್ತಿ, ನರಗುಂದ, ಕಿತ್ತೂರ, ಅಣ್ಣಿಗೇರಿ, ಬ್ಯಾಡಗಿ, ಬಾಗಲಕೋಟಿ. ಬೆಳಗಾವಿ, ಕಾರವಾರದ ಕಡೆ ಹೋದರೆ ಮರಾಠಿ, ಕೊಂಕಣಿಯ ‘ಕರ್’ ಅಂಟಿಕೊಂಡು ಧಾರವಾಡಕರ, ಅಂಕೋಲೇಕರ ಆಗುತ್ತದೆ. ನಮ್ಮ ಕಡೆ ಆಫೀಸುಗಳಲ್ಲಿ ಮಾತು ಹೀಗೇ ಇರುತ್ತದೆ: ‘ಗದಗ ಸರ್ ಹುಬ್ಬಳ್ಳಿಗೆ ಹೋಗ್ಯಾರ್ರಿ, ಹುಬ್ಬಳ್ಳಿ ಮೇಡಂ ಗದಗಿನ್ಯಾಗ ಅದಾರ.’ ಕೇಳುವವರಿಗೆ ಏನೂ ಗೊಂದಲ ಇಲ್ಲ. ಯಾರು ಮನುಷ್ಯ, ಯಾವುದು ಊರು ಅಂತ ಎಲ್ಲರಿಗೂ ಗೊತ್ತು. ಗೊಂದಲ ಆಗುವುದು ನಿಮ್ಮ ಕಂಪ್ಯೂಟರಿಗೆ ಮಾತ್ರ.

ಈ ಊರು ಹೆಸರಿಗೆ ಹೇಗೆ ಬಂತು ಅನ್ನುವುದನ್ನು ಸ್ವಲ್ಪ ಯೋಚಿಸಿ ನೋಡಿ. ಗದಗಿನಲ್ಲೇ ಇರುವವರನ್ನು ಗದಗ ಅಂತ ಯಾರು ಕರೆಯುತ್ತಾರೆ? ಅಲ್ಲಿರುವವರೆಲ್ಲ ಗದಗಿನವರೇ. ಅಜ್ಜನೋ ಮುತ್ತಜ್ಜನೋ ಬರಗಾಲಕ್ಕೋ, ವ್ಯಾಪಾರಕ್ಕೋ, ಹೆಂಡತಿಯ ಊರಿನಲ್ಲಿ ಹೊಲ ಇತ್ತು ಅಂತಲೋ ಊರು ಬಿಟ್ಟು ಬೇರೆ ಕಡೆ ಬಂದು ನೆಲೆಸಿದಾಗ, ಅಲ್ಲಿನ ಜನ ‘ಗದಗಿನವರ ಮನೆ’ ಅಂತ ಗುರುತು ಹಿಡಿದರು. ಆಮೇಲೆ ‘ಅವರ ಮನೆ’ ಹೋಯಿತು, ಗದಗ ಉಳಿಯಿತು. ಅಂದರೆ ಒಬ್ಬರ ಹೆಸರಿನಲ್ಲಿ ಊರು ಇದೆ ಅಂದರೆ ಬಹುಪಾಲು ಆ ಮನೆಯವರು ಈಗ ಆ ಊರಿನಲ್ಲಿ ಇಲ್ಲ ಅಂತಲೇ ಅರ್ಥ. ಹೆಸರಿನಲ್ಲಿರುವ ಊರಿಗೂ ಆಧಾರ್ ಕಾರ್ಡಿನಲ್ಲಿರುವ ವಿಳಾಸಕ್ಕೂ ತಾಳೆ ಆಗದಿದ್ದರೆ ಅದು ಅನುಮಾನ ಪಡುವ ವಿಷಯವೇ ಅಲ್ಲ. ತಾಳೆ ಆದರೇ ಆಶ್ಚರ್ಯ ಪಡಬೇಕು. ಒಮ್ಮೆ ಒಂದು ಕಚೇರಿಯಲ್ಲಿ ‘ನಿಮ್ಮ ಹೆಸರಲ್ಲಿ ಆ ಊರಿದೆ, ವಿಳಾಸದಲ್ಲಿ ಈ ಊರಿದೆ, ಯಾವುದು ಸರಿ ಹೇಳಿ’ ಅಂತ ನನ್ನನ್ನೇ ಗದರಿಸಿದರು. ಎರಡೂ ಸರಿ ಸ್ವಾಮಿ. ಒಂದು ನಾನು, ಇನ್ನೊಂದು ನನ್ನ ಮನೆ.

ವಿನಾಯಕ ಕೃಷ್ಣ ಗೋಕಾಕರನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು 1909ರಲ್ಲಿ, ಸವಣೂರಿನಲ್ಲಿ. ಅದು ಈಗಿನ ಹಾವೇರಿ ಜಿಲ್ಲೆ. ಹೆಸರಿನಲ್ಲಿರುವ ಗೋಕಾಕ ಬೆಳಗಾವಿ ಜಿಲ್ಲೆಯದು. ಅವರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ಭಾಷೆಯ ಬಗ್ಗೆ ವರದಿ ಕೊಟ್ಟಿತು, ಆ ವರದಿ ಜಾರಿಯಾಗಲಿ ಅಂತ ನಡೆದದ್ದು ಗೋಕಾಕ್ ಚಳವಳಿ. ಈಗಿನ ಹುಡುಗರಲ್ಲಿ ಕೆಲವರು ಆ ಚಳವಳಿ ಗೋಕಾಕದಲ್ಲಿ ಶುರುವಾಗಿದ್ದು ಅಂದುಕೊಂಡಿದ್ದಾರೆ! ಊರಿನಿಂದ ಮನುಷ್ಯನಿಗೆ, ಮನುಷ್ಯನಿಂದ ಚಳವಳಿಗೆ ಹೋಯಿತು ಹೆಸರು. ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡ, ಬಾಳಿದ್ದು ಹುಬ್ಬಳ್ಳಿ, ಜಗತ್ತಿಗೆಲ್ಲ ಅವರು ಹಾನಗಲ್. ಮಲ್ಲಿಕಾರ್ಜುನ ಮನ್ಸೂರರು ಮಾತ್ರ ಧಾರವಾಡದ ಪಕ್ಕದ ಮನ್ಸೂರಿನಲ್ಲೇ ಹುಟ್ಟಿದವರು. ಆದರೆ ಆ ಪುಟ್ಟ ಹಳ್ಳಿಯನ್ನು ದೇಶದ ಸಂಗೀತಗಾರರ ಬಾಯಲ್ಲಿ ಕೂರಿಸಿದ್ದು ಅವರು ಊರಾಚೆ ಹೋಗಿ ಹಾಡಿದ ಮೇಲೆಯೇ.

ಕರಾವಳಿ ಕಡೆಯದೂ ಇದೇ ಕಥೆ. ಪಡುಕೋಣೆ ಉಡುಪಿ ಜಿಲ್ಲೆಯ ಒಂದು ಹಳ್ಳಿ. ಪ್ರಕಾಶ್ ಪಡುಕೋಣೆ ಹುಟ್ಟಿ ಬೆಳೆದದ್ದು ಬೆಂಗಳೂರು, 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದಿದ್ದು ಲಂಡನ್ನಿನಲ್ಲಿ, ಮಗಳು ದೀಪಿಕಾ ಹುಟ್ಟಿದ್ದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಹಳ್ಳಿ ಮಾತ್ರ ಜೊತೆಗೇ ಹೋಯಿತು. ಕಾರ್ನಾಡ, ಬೆನಗಲ್, ನೀಲೇಕಣಿ ಎಲ್ಲವೂ ಊರುಗಳೇ.

ಇನ್ನು ಗಂಡನ ಕಡೆಯದು, ಅಂದರೆ ಹಳೇ ಮೈಸೂರು ಪದ್ಧತಿ. ಇಲ್ಲಿ ಊರು ಮುಂದೆ, ಅಪ್ಪನ ಹೆಸರು ನಡುವೆ, ತನ್ನ ಹೆಸರು ಕೊನೆಗೆ. ಮೊದಲೆರಡು ಮಡಚಿಕೊಂಡು ಇನಿಷಿಯಲ್ ಆಗಿರುತ್ತವೆ. ಕನ್ನಡ ಸಾಹಿತ್ಯದ ಅರ್ಧ ಪಟ್ಟಿ ಹೀಗೇ ಇದೆ. ಡಿ.ವಿ.ಜಿ. ಅಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಅವರು ಹುಟ್ಟಿದ್ದು ಮುಳಬಾಗಿಲಿನಲ್ಲಿ, ನೋಡಿ, ಮತ್ತೆ ಅದೇ. ಬಿ.ಎಂ.ಶ್ರೀ. ಅವರ ‘ಬಿ’ ಬೆಳ್ಳೂರು. ಕೆ.ಎಸ್. ನರಸಿಂಹಸ್ವಾಮಿಯವರ ‘ಕೆ’ ಕಿಕ್ಕೇರಿ. ತೀ.ನಂ.ಶ್ರೀ. ಅವರ ‘ತೀ’ ತೀರ್ಥಪುರ. ಕುವೆಂಪು ಅನ್ನುವ ಕಾವ್ಯನಾಮದ ಮೊದಲ ಅಕ್ಷರವೇ ಕುಪ್ಪಳಿ. ಮಾಸ್ತಿಯವರನ್ನಂತೂ ನಾವು ವೆಂಕಟೇಶ ಅಯ್ಯಂಗಾರ್ ಅಂತ ಕರೆಯುವುದೇ ಇಲ್ಲ, ಊರಿನ ಹೆಸರೇ ಮನುಷ್ಯ ಆಗಿಬಿಟ್ಟಿದೆ.

ಸರ್ ಎಂ.ವಿ. ಅವರ ‘ಎಂ’ ಮುದ್ದೇನಹಳ್ಳಿ ಅಂದುಕೊಂಡವರು ಜಾಸ್ತಿ, ಹುಟ್ಟಿದ್ದು ಅಲ್ಲೇ ಅಲ್ವಾ. ಆದರೆ ಅದು ಮೋಕ್ಷಗುಂಡಂ. ಹಿರಿಯರು ಬಿಟ್ಟು ಬಂದ ಊರು, ಈಗಿನ ಆಂಧ್ರ ಪ್ರದೇಶದಲ್ಲಿದೆ.

ಈಗ ಡಿ.ವಿ.ಜಿ. ನಿಮ್ಮ ಕೌಂಟರಿಗೆ ಬಂದರು ಅಂತ ಇಟ್ಟುಕೊಳ್ಳಿ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಸರಿ, ಬಿಡಿಸಿದರು. ಮೊದಲ ಹೆಸರು: ದೇವನಹಳ್ಳಿ. ನಡುವಿನ ಹೆಸರು: ವೆಂಕಟರಮಣಯ್ಯ. ಕೊನೆಯ ಹೆಸರು: ಗುಂಡಪ್ಪ. ಅವರ ಸ್ವಂತ ಹೆಸರು ಮನೆತನದ ಹೆಸರಾಯಿತು, ಊರು ಸ್ವಂತ ಹೆಸರಾಯಿತು. ಬ್ಯಾಂಕಿನಿಂದ ಇಮೇಲ್ ಬರುತ್ತದೆ: ‘ಡಿಯರ್ ದೇವನಹಳ್ಳಿ’. ನಗಬೇಡಿ, ನನ್ನ ಮಾವನವರಿಗೆ ಇಂಥದ್ದೇ ಬರುತ್ತದೆ. ಅವರ ಊರಿನ ಹೆಸರು ಹಿಡಿದು ಸಾಲ ಬೇಕಾ ಅಂತ ಫೋನ್ ಮಾಡುತ್ತಾರೆ. ಅವರು ‘ಊರಿಗೆಲ್ಲ ಸಾಲ ಕೊಡ್ತೀರೇನಪ್ಪಾ’ ಅಂತ ಕೇಳಿ ಫೋನ್ ಇಡುತ್ತಾರೆ.

ಈ ಪದ್ಧತಿಯಲ್ಲಿ ಇನ್ನೊಂದು ವಿಶೇಷ ಇದೆ, ನಿಮ್ಮ ‘ಫ್ಯಾಮಿಲಿ ನೇಮ್’ ಖಾನೆಗೆ ಅದು ಅರ್ಥವೇ ಆಗುವುದಿಲ್ಲ. ತಲೆಮಾರಿನಿಂದ ತಲೆಮಾರಿಗೆ ದಾಟುವುದು ಊರು ಮಾತ್ರ, ನಡುವಿನ ಹೆಸರು ಪ್ರತಿ ಸಲ ಬದಲಾಗುತ್ತದೆ. ಅಪ್ಪ ಕೆ.ವಿ. ಪುಟ್ಟಪ್ಪ, ಮಗ ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ‘ಕೆ’ ಎರಡರಲ್ಲೂ ಕುಪ್ಪಳಿ. ‘ವಿ’ ವೆಂಕಟಪ್ಪ, ‘ಪಿ’ ಪುಟ್ಟಪ್ಪ. ಮಾಜಿ ಪ್ರಧಾನಿಗಳ ಮನೆಯಲ್ಲಿ ಇನ್ನೂ ಮಜಾ ಇದೆ. ಎಚ್.ಡಿ. ದೇವೇಗೌಡ, ಎಚ್.ಡಿ. ಕುಮಾರಸ್ವಾಮಿ. ಅಪ್ಪ ಮಗನ ಇನಿಷಿಯಲ್ ಒಂದೇ ಅಲ್ವಾ ಅಂತ ನೋಡಿದರೆ, ಒಂದೇ ಅಲ್ಲ. ‘ಎಚ್’ ಇಬ್ಬರಿಗೂ ಹರದನಹಳ್ಳಿ. ಅಪ್ಪನ ‘ಡಿ’ ದೊಡ್ಡೇಗೌಡ, ಮಗನ ‘ಡಿ’ ದೇವೇಗೌಡ. ಮೂರನೇ ತಲೆಮಾರಿಗೆ ಬಂದರೆ ನಿಖಿಲ್ ಕುಮಾರಸ್ವಾಮಿ. ಊರು ಮಾಯ, ಅಪ್ಪನ ಹೆಸರು ಹಿಂದಕ್ಕೆ ಬಂದು ಕೂತಿದೆ. ಆ ಮನೆಯವರು ಯಾಕೆ ಹಾಗಿಟ್ಟುಕೊಂಡರೋ ಅದು ಅವರಿಷ್ಟ. ಆದರೆ ಈಗ ಹಳೇ ಮೈಸೂರಿನ ಬಹಳಷ್ಟು ಮನೆಗಳಲ್ಲಿ ಇದೇ ಆಗುತ್ತಿದೆ, ಮತ್ತು ಅಲ್ಲೆಲ್ಲ ಕಾರಣ ಇಷ್ಟವಲ್ಲ, ನಿಮ್ಮ ಅರ್ಜಿ. ಖಾನೆ ಖಾಲಿ ಬಿಡುವ ಹಾಗಿಲ್ಲ, ಊರು ಹಾಕಿದರೆ ‘ಇದು ಹೆಸರಾ’ ಅಂತ ಕೇಳುತ್ತಾರೆ, ಸುಮ್ನೆ ಅಪ್ಪನ ಹೆಸರು ಹಾಕಿ ಮುಗಿಸುತ್ತಾರೆ.

ಊರು ಮುಂದೆ ಬಂದರೆ ಹಳೇ ಮೈಸೂರು, ಹಿಂದೆ ಬಂದರೆ ಉತ್ತರ ಕರ್ನಾಟಕ ಅಂತ ನೀವು ಒಂದು ನಿಯಮ ಮಾಡಿಬಿಡಬಹುದು ಅನ್ನುವ ಹೆದರಿಕೆಯಿಂದ ಇದನ್ನೂ ಹೇಳುತ್ತೇನೆ. ಅದು ಅಷ್ಟು ಸಲೀಸಲ್ಲ. ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ ಸದಾಶಿವ ರಾವ್, ಬೆಂಗಳೂರಿನ ಸದಾಶಿವನಗರಕ್ಕೆ ಹೆಸರು ಬಂದದ್ದು ಅವರಿಂದ. ನಾಟಕಕಾರ ಗಿರೀಶ ಕಾರ್ನಾಡ. ಮೂಲ್ಕಿ ಹತ್ತಿರದ ಅದೇ ಕಾರ್ನಾಡು, ಒಬ್ಬರಿಗೆ ಮುಂದೆ, ಇನ್ನೊಬ್ಬರಿಗೆ ಹಿಂದೆ. ಹಾನಗಲ್ ಕುಮಾರ ಸ್ವಾಮಿಗಳು ಮತ್ತು ಗಂಗೂಬಾಯಿ ಹಾನಗಲ್, ಮತ್ತೆ ಹಾಗೇ. ಕರ್ನಾಟಕ ಏಕೀಕರಣಕ್ಕೆ ಜೀವ ತೇಯ್ದ ಆಲೂರು ವೆಂಕಟರಾಯರು, ಹುಯಿಲಗೋಳ ನಾರಾಯಣರಾಯರು ಇಬ್ಬರೂ ಉತ್ತರದವರೇ, ನಾವು ಊರನ್ನು ಮುಂದಿಟ್ಟೇ ಕರೆಯುತ್ತೇವೆ. ಕನ್ನಡದಲ್ಲಿ ಹೆಸರು ಹೇಳುವಾಗ ಊರು ಹಿಂದೆ ಮುಂದೆ ಓಡಾಡಿಕೊಂಡು ಇತ್ತು, ಯಾರಿಗೂ ತೊಂದರೆ ಆಗಿರಲಿಲ್ಲ. ಅದಕ್ಕೇ ಒಂದು ನಿಯಮ ಮಾಡಿ ಎಲ್ಲರಿಗೂ ಹೊಂದಿಸುವುದಕ್ಕಿಂತ ಜನರನ್ನು ಕೇಳುವುದು ಸುಲಭ.

ನಮ್ಮ ಮಗಳ ಹೆಸರಿನ ಪ್ರಕರಣ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮಪ್ಪನಿಗೆ ಮೊಮ್ಮಗಳ ಹೆಸರಿಗೆ ಅಡ್ಡಹೆಸರು ಇಲ್ಲದಿದ್ದರೆ ಹೆಸರೇ ಅರ್ಧ ಅನ್ನಿಸುತ್ತದೆ. ನಮ್ಮ ಮಾವನವರಿಗೆ ಊರು ಅಂದರೆ ಇನಿಷಿಯಲ್, ಅದು ಮುಂದೆಯೇ ಇರಬೇಕು. ಕೊನೆಗೆ ಗಂಡನ ಮನೆ ಊರನ್ನು ಪೂರ್ತಿ ಬಿಡಿಸಿ ಹೆಸರಿನ ಹಿಂದೆ ಹಾಕೋಣ ಅಂತ ಇಬ್ಬರೂ ಒಪ್ಪಿದರು. ಜನನ ನೋಂದಣಿಗೆ ಹೋದಾಗ ‘ಊರೆಲ್ಲ ಹೆಸರಲ್ಲಿ ಯಾಕಮ್ಮ, ವಿಳಾಸದಲ್ಲಿ ಬರುತ್ತಲ್ಲ’ ಅಂತ ಹೇಳಿ ಬರೀ ಹೆಸರು ಬರೆದರು. ಆಧಾರ್ ಮಾಡಿಸುವಾಗ ಅಪ್ಪನ ಹೆಸರು ಸೇರಿತು. ಶಾಲೆಯಲ್ಲಿ ಹಳೇ ಅಭ್ಯಾಸದಂತೆ ಎರಡು ಇನಿಷಿಯಲ್ ಹಿಂದೆ ಸೇರಿಸಿದರು. ಒಂದೇ ಮಗು, ಮೂರು ಹೆಸರು. ಈಗ ಶಾಲೆಯವರು ಅಪಾರ್, ಅಂದರೆ ಪ್ರತಿ ವಿದ್ಯಾರ್ಥಿಗೂ ಕೊಡುವ ಒಂದು ಗುರುತಿನ ಸಂಖ್ಯೆ, ಮಾಡಿಸಬೇಕು ಅನ್ನುತ್ತಾರೆ. ಅದಕ್ಕೆ ಶಾಲೆಯ ದಾಖಲೆಯಲ್ಲಿರುವ ಹೆಸರು ಮತ್ತು ಆಧಾರ್ ಹೆಸರು ಹೊಂದಬೇಕು. ಹೊಂದುವುದಿಲ್ಲ. ಎರಡೂ ನೀವು ಬರೆದದ್ದೇ, ನಾವು ಬರೆದದ್ದಲ್ಲ, ತಿದ್ದಿಸಿಕೊಂಡು ಬರಬೇಕಾದವರು ಮಾತ್ರ ನಾವು.

ಇದು ನಮ್ಮ ಒಂದು ಮನೆಯ ಗೋಳಲ್ಲ. ಶಾಲೆಯಲ್ಲಿ ಹೆಸರಿನ ಹಿಂದೆ ಸರಿಸಿದ ‘ಎಚ್.ಎನ್.’ ಅನ್ನುವ ಎರಡಕ್ಷರವೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬಂದು, ಅದೇ ಮುಂದೆ ಕೆಲಸಕ್ಕೆ ಸೇರುವಾಗ ‘ಲಾಸ್ಟ್ ನೇಮ್’ ಆಗಿ, ಅಮೆರಿಕದ ಸಹೋದ್ಯೋಗಿ ‘ಮಿಸ್ಟರ್ ಎಚ್‌ಎನ್’ ಅಂತ ಕರೆಯುವ ಎಂಜಿನಿಯರುಗಳು ಬೆಂಗಳೂರಿನ ಪ್ರತಿ ಕಂಪನಿಯಲ್ಲೂ ಸಿಗುತ್ತಾರೆ. ಇನ್ನು ಕೆಲವು ಟಿಕೆಟ್ ವೆಬ್‌ಸೈಟುಗಳು ಒಂದೇ ಅಕ್ಷರದ ಕೊನೆಯ ಹೆಸರನ್ನು ಒಪ್ಪುವುದಿಲ್ಲ. ಆಗ ಅದೇ ಅಕ್ಷರವನ್ನು ಎರಡು ಸಲ ಹೊಡೆದು ಟಿಕೆಟ್ ತಗೋಬೇಕು, ಆಮೇಲೆ ವಿಮಾನ ನಿಲ್ದಾಣದಲ್ಲಿ ಏನು ಕೇಳುತ್ತಾರೋ ಅಂತ ಭಯ ಬೇರೆ.

ಹೊರದೇಶಕ್ಕೆ ಹೋಗುವವರ ಪಾಡು ಇನ್ನೂ ಒಂದು ತೂಕ ಜಾಸ್ತಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಆ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. 2022ರ ನವೆಂಬರಿನಲ್ಲಿ ಯುಎಇ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾ ಇಲ್ಲ ಅಂದಿತು. ಆಮೇಲೆ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಪರವಾಗಿಲ್ಲ ಅಂತ ಸ್ವಲ್ಪ ಸಡಿಲ ಮಾಡಿತು. ಇದನ್ನೆಲ್ಲ ತೋರಿಸಿ ‘ನೋಡಿ, ಜಗತ್ತೇ ಸರ್‌ನೇಮ್ ಕೇಳುತ್ತದೆ, ನಾವೇನು ಮಾಡೋಣ’ ಅಂತ ನೀವು ಹೇಳಬಹುದು. ಆದರೆ ಪಾಸ್‌ಪೋರ್ಟ್ ಹೇಗಿರಬೇಕು ಅಂತ ಹೇಳುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 9303ನೇ ದಾಖಲೆಯಲ್ಲೇ ಹೆಸರನ್ನು ಎರಡು ಭಾಗ ಮಾಡಲು ಬಾರದಿದ್ದರೆ ಒಂದೇ ಭಾಗವಾಗಿ ಬರೆಯಲು ಅವಕಾಶ ಇದೆ. ನಮ್ಮ ಆಧಾರ್‌ನಲ್ಲೂ ಹೆಸರಿಗೆ ಇರುವುದು ಒಂದೇ ಖಾನೆ. ಅಂದರೆ ಹೀಗೆ ಮಾಡಲು ಆಗುತ್ತದೆ. ಎಲ್ಲ ಕಡೆ ಮಾಡುತ್ತಿಲ್ಲ ಅಷ್ಟೆ.

ಊರಿನ ಹೆಸರು ಬದಲಾದಾಗ ಏನಾಗಬೇಕು ಅನ್ನುವುದು ಇನ್ನೊಂದು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಸರ್ಕಾರಿ ದಾಖಲೆಯಲ್ಲಿ ಬದಲಾಯಿತು. ಬಿಜಾಪುರ ವಿಜಯಪುರ ಆಯಿತು, ಗುಲ್ಬರ್ಗಾ ಕಲಬುರಗಿ ಆಯಿತು, ಬೆಳಗಾಂ ಬೆಳಗಾವಿ, ಹುಬ್ಳಿ ಹುಬ್ಬಳ್ಳಿ. ಒಳ್ಳೆಯದೇ, ನಾವು ಮನೆಯಲ್ಲಿ ಕರೆಯುತ್ತಿದ್ದ ಹಾಗೆ ಬಂತು. ಆದರೆ ಬಿಜಾಪುರ ಅಂತ ಅಡ್ಡಹೆಸರಿದ್ದವರು ಬಿಜಾಪುರ ಆಗಿಯೇ ಉಳಿದರು, ಉಳಿಯಬೇಕು ಕೂಡ. ಇಂಗ್ಲಿಷಿನಲ್ಲಿ ಕೆಲವರು ಧಾರವಾಡದ ಕೊನೆಗೆ ಡಿ ಬರೆಯುತ್ತಾರೆ, ಹಳಬರು ಆರ್ ಬರೆಯುತ್ತಾರೆ. ಬಾಗಲಕೋಟೆ ನಕ್ಷೆಯಲ್ಲಿ ಎಕಾರ, ಅಡ್ಡಹೆಸರಿನಲ್ಲಿ ಇಕಾರ, ಬಾಗಲಕೋಟಿ, ಯಾಕೆಂದರೆ ನಮ್ಮ ಕಡೆ ಬಾಯಲ್ಲಿ ಬರುವುದೇ ಹಾಗೆ. ಡೇಟಾ ಎಂಟ್ರಿಯವರು ಇದನ್ನು ತಪ್ಪು ಅಂತ ತಿಳಿದು ಸರಿಪಡಿಸಲು ಹೋಗುತ್ತಾರೆ. ಒಬ್ಬರ ಹೆಸರಿನ ಕಾಗುಣಿತವನ್ನು ನಕ್ಷೆ ನೋಡಿ ತಿದ್ದುವ ಹಕ್ಕು ಯಾರಿಗೂ ಇಲ್ಲ. ಅಣ್ಣನದು ಒಂದು ಕಾಗುಣಿತ, ತಮ್ಮನದು ಇನ್ನೊಂದು ಆಗಿ, ಆಸ್ತಿ ಭಾಗದ ಹೊತ್ತಿಗೆ ವಂಶವೃಕ್ಷದ ಪ್ರಮಾಣಪತ್ರಕ್ಕೆ ಅಲೆಯುವಾಗ ಗೊತ್ತಾಗುತ್ತದೆ ಆ ಒಂದು ಅಕ್ಷರದ ಬೆಲೆ.

ಅದಕ್ಕಿಂತ ದೊಡ್ಡದು ಹೇಳುತ್ತೇನೆ. ಕೆಲವು ಊರುಗಳು ಈಗ ಇಲ್ಲವೇ ಇಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ಭಾಗವೂ, ಕೃಷ್ಣೆ ದಂಡೆಯ ಹಳ್ಳಿಗಳೂ ಮುಳುಗಿ, ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಹೋದರು. ಶರಾವತಿ ಕಣಿವೆಯಲ್ಲಿ ಲಿಂಗನಮಕ್ಕಿಯಿಂದಾಗಿ 1960ರ ದಶಕದಲ್ಲೇ ಹಾಗಾಯಿತು. ಪುನರ್ವಸತಿ ಕೇಂದ್ರಕ್ಕೆ ಊರಿನ ಹೆಸರು ಕೊಡಬಹುದು, ಊರು ಕೊಡಲು ಆಗುವುದಿಲ್ಲ. ಹೊಲ, ಗುಡಿ, ಹುಣಸೆಮರ ಎಲ್ಲ ನೀರಿನಡಿ ಹೋದ ಒಂದು ಹಳ್ಳಿ ಈಗಲೂ ಯಾರದೋ ಹೆಸರಿನ ಕೊನೆಯಲ್ಲಿ ಇದೆ ಅಂದರೆ, ಅಂಥವರಿಗೆ ‘ಈ ಊರು ನಮ್ಮ ಪಟ್ಟಿಯಲ್ಲಿ ಇಲ್ಲ’ ಅಂತ ಹೇಳುವ ಧೈರ್ಯ ನಿಮಗೆ ಬರಬಾರದು.

ಜಾತಿಯ ವಿಷಯ ಎತ್ತದೆ ಈ ಪತ್ರ ಮುಗಿಸಿದರೆ ಅರ್ಧ ಸುಳ್ಳು ಹೇಳಿದ ಹಾಗೆ. ಸರ್‌ನೇಮ್ ಕೇಳುವ ಎಷ್ಟೋ ಜನರಿಗೆ ನಿಜವಾಗಿ ಬೇಕಿರುವುದು ಜಾತಿ. ಊರಿನ ಹೆಸರು ಅದನ್ನು ಹೇಳುವುದಿಲ್ಲ. ಹುಬ್ಬಳ್ಳಿ ಅಂತ ಅಡ್ಡಹೆಸರಿರುವವರಲ್ಲಿ ಲಿಂಗಾಯತರಿದ್ದಾರೆ, ಮುಸ್ಲಿಮರಿದ್ದಾರೆ, ಬ್ರಾಹ್ಮಣರಿದ್ದಾರೆ, ದಲಿತರಿದ್ದಾರೆ. ಕಿತ್ತೂರ, ಬಿಜಾಪುರ, ಮುಧೋಳ ಎಲ್ಲ ಹಾಗೇ. ಊರು ಎಲ್ಲರದೂ ಅಲ್ವಾ. ನನಗೆ ನನ್ನ ಅಡ್ಡಹೆಸರಿನಲ್ಲಿ ಬಹಳ ಇಷ್ಟವಾಗುವುದೇ ಇದು. ಎದುರಿನವರು ಕೇಳಿ, ಒಂದು ಗಳಿಗೆ ತಡವರಿಸಿ, ‘ಅಂದ್ರೆ ನೀವು?’ ಅಂತಾರೆ. ನಾನು ಮತ್ತೆ ಊರಿನ ಹೆಸರನ್ನೇ ಹೇಳುತ್ತೇನೆ. ಜಾತಿ ತಿಳಿಯಲೇಬೇಕಾದ ಕಡೆ ಅದಕ್ಕೆ ಬೇರೆ ಪ್ರಮಾಣಪತ್ರ ಇದೆ, ಹೆಸರಿನ ಖಾನೆಯಿಂದ ಅದನ್ನು ಹೊರಗಿಡಿ. ಅರ್ಜಿಯಲ್ಲಿ ‘ಕುಲನಾಮ’ ಅಂತ ಬರೆದಿರುವುದನ್ನು ಮೊದಲು ಅಳಿಸಿ.

ಮದುವೆಯಾದ ಹೆಣ್ಣುಮಕ್ಕಳ ಬಗ್ಗೆ ಎರಡು ಮಾತು. ಮದುವೆ ಆದ ಮೇಲೆ ಹೆಸರು ಬದಲಿಸಲೇಬೇಕು ಅಂತ ಈ ದೇಶದಲ್ಲಿ ಕಾನೂನು ಇಲ್ಲ. ನಾನು ತವರಿನ ಊರನ್ನೇ ಇಟ್ಟುಕೊಂಡಿದ್ದೇನೆ. ಅದಕ್ಕೆ ಗಂಡನ ತಕರಾರಿಲ್ಲ, ಅತ್ತೆಯ ತಕರಾರಿಲ್ಲ. ತಕರಾರು ಬರುವುದು ಕೌಂಟರಿನಲ್ಲೇ.

ಈಗ ಕೇಳಬೇಕಾದ್ದನ್ನು ನೇರವಾಗಿ ಕೇಳುತ್ತೇನೆ. ಜನನ ಮರಣ ನೋಂದಣಿ ಕಾಯ್ದೆಗೆ ಬಂದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ದಿನದಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಸರ್ಕಾರಿ ಕೆಲಸ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅಂದರೆ ನಮ್ಮ ಕಾಲದಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇದ್ದ ಜಾಗಕ್ಕೆ ಇನ್ನು ಮುಂದೆ ಈ ಒಂದು ಹಾಳೆ ಬರುತ್ತದೆ. ಅದರಲ್ಲಿ ಹೆಸರು ಹೇಗೆ ಬರುತ್ತದೋ ಜೀವನ ಪೂರ್ತಿ ಹಾಗೇ. ನಮ್ಮ ರಾಜ್ಯದಲ್ಲಿ ಇದರ ಮುಖ್ಯ ನೋಂದಣಾಧಿಕಾರಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದಲ್ಲಿದ್ದಾರೆ. ಅವರಿಗೆ ನನ್ನ ವಿನಂತಿ: ಮಗುವಿನ ಹೆಸರು ಬರೆಯುವಾಗ ತಂದೆ ತಾಯಿಯನ್ನು ‘ಊರಿನ ಹೆಸರು ಸೇರಿಸಬೇಕಾ, ಮುಂದೋ ಹಿಂದೋ, ಪೂರ್ತಿಯೋ ಅಕ್ಷರವೋ’ ಅಂತ ಒಮ್ಮೆ ಕೇಳಿ ಅಂತ ಕೆಳಗಿನವರಿಗೆ ಒಂದು ಸುತ್ತೋಲೆ ಕಳಿಸಿ. ಹೇಳಿದ್ದನ್ನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಎರಡರಲ್ಲೂ ಬರೆದು, ಪ್ರಿಂಟ್ ಹೊಡೆಯುವ ಮೊದಲು ಅವರಿಗೆ ತೋರಿಸಿ ಸಹಿ ತಗೊಳ್ಳಿ. ಹುಟ್ಟಿದಾಗ ಹೆಸರಿಡದೆ ಆಮೇಲೆ ಸೇರಿಸುವವರೂ ಇರುತ್ತಾರೆ, ಅವರಿಗೂ ಅದನ್ನೇ ಕೇಳಿ.

ಶಾಲಾ ಶಿಕ್ಷಣ ಇಲಾಖೆಯವರು ದಾಖಲಾತಿ ಪುಸ್ತಕದಲ್ಲಿ ತಮ್ಮದೇ ರೂಢಿಯಂತೆ ಇನಿಷಿಯಲ್ ಹಿಂದೆ ತಳ್ಳುವುದನ್ನು ನಿಲ್ಲಿಸಬೇಕು. ಈಗಾಗಲೇ ಓದುತ್ತಿರುವ ಮಕ್ಕಳಿಗೆ ಒಂಬತ್ತನೇ ತರಗತಿ ಮುಗಿಯುವುದರೊಳಗೆ ಒಮ್ಮೆ ಹೆಸರು ಹೊಂದಿಸಿಕೊಳ್ಳಲು ಅವಕಾಶ ಕೊಡಿ, ಹೆಡ್‌ಮಾಸ್ತರ ಮಟ್ಟದಲ್ಲೇ ಮುಗಿಯುವ ಹಾಗೆ. ಹತ್ತನೇ ತರಗತಿ ಅಂಕಪಟ್ಟಿ ಬಂದ ಮೇಲೆ ಅದು ಎಷ್ಟು ಕಷ್ಟ ಅಂತ ನಿಮಗೇ ಚೆನ್ನಾಗಿ ಗೊತ್ತು.

ದೊಡ್ಡವರ ವಿಷಯದಲ್ಲಿ, ‘ಎಚ್.’ ಅಂತ ಇರುವುದು ಮತ್ತು ಆ ‘ಎಚ್’ ಬಿಡಿಸಿದ ಊರು ಎರಡೂ ಒಬ್ಬರದೇ ಹೆಸರು ಅಂತ ಒಪ್ಪಲು ಒಂದು ಸರಳ ಸ್ವಯಂ ಘೋಷಣೆ ಸಾಕು. ನಾವು ಹೆಸರು ಬದಲಿಸುತ್ತಿಲ್ಲ, ಮಡಚಿಟ್ಟಿದ್ದನ್ನು ಬಿಚ್ಚುತ್ತಿದ್ದೇವೆ. ಇದಕ್ಕೂ ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಗೆಜೆಟ್ ಅಂತ ಕೇಳಿದರೆ ದಿನಗೂಲಿ ಮಾಡುವವರು ಎಲ್ಲಿಗೆ ಹೋಗಬೇಕು? ಕೇಂದ್ರದ ಅರ್ಜಿಗಳನ್ನು ಬದಲಿಸುವುದು ರಾಜ್ಯದ ಕೈಯಲ್ಲಿಲ್ಲ ಅಂತ ನನಗೆ ಗೊತ್ತು. ಆದರೆ ಬೇರೆ ಎಲ್ಲದಕ್ಕೂ ದೆಹಲಿಗೆ ಪತ್ರ ಬರೆಯುತ್ತೀರಿ, ಇದಕ್ಕೂ ಒಂದು ಬರೆಯಿರಿ. ತಮಿಳುನಾಡು, ಆಂಧ್ರ, ತೆಲಂಗಾಣದವರ ಹೆಸರುಗಳಲ್ಲೂ ಇನಿಷಿಯಲ್ ತುಂಬಿವೆ, ಅವರೂ ಜೊತೆಗೆ ಬರುತ್ತಾರೆ.

ನಮ್ಮ ಮಗಳ ಅಪಾರ್ ಇನ್ನೂ ಬಾಕಿ ಇದೆ. ಯಾವ ದಾಖಲೆಯನ್ನು ಯಾವುದಕ್ಕೆ ಹೊಂದಿಸಬೇಕು ಅಂತ ನೀವೇ ಹೇಳಿಬಿಡಿ, ಆ ಕಚೇರಿಗೆ ನಾಳೆಯೇ ಹೋಗುತ್ತೇನೆ.

ಇಂತಿ,
ಹೆಸರಿನಲ್ಲಿ ತವರಿನ ಊರು, ವಿಳಾಸದಲ್ಲಿ ಬೇರೆ ಊರು ಇರುವ ಒಬ್ಬ ತಾಯಿ